ಸೊಂಟದಲ್ಲಿ ಪಿಸ್ತೂಲು, ಎದುರಿಗೆ ಸಾರ್ವಜನಿಕ ಶೌಚಾಲಯ: ಲೈಸೆನ್ಸ್‌ದಾರರಿಗೆ ಸಮಗ್ರ ಮಾರ್ಗದರ್ಶಿ

ಲೈಸೆನ್ಸ್ ಸಿಕ್ಕವರಿಗೆ ಗುರಿ ಹಿಡಿಯುವುದನ್ನು ಕಲಿಸುವವರು ಸಿಗುತ್ತಾರೆ. ಗನ್ ಬಿಚ್ಚಿ ಒರೆಸಿ ಎಣ್ಣೆ ಹಾಕುವುದನ್ನು ತೋರಿಸುವವರೂ ಸಿಗುತ್ತಾರೆ. ಬಸ್ ಸ್ಟ್ಯಾಂಡಿನ ಸಂಡಾಸಿನಲ್ಲಿ ಬೆಲ್ಟ್ ಸಡಿಲಿಸಿದಾಗ ಆ ಗನ್ ಎಲ್ಲಿರಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಭತ್ತದ ದುಡ್ಡು ಒಯ್ಯುವ ಸಿಂಧನೂರಿನ ವ್ಯಾಪಾರಿ ಇರಲಿ, ಗಂಗಾವತಿಯ ರೈಸ್ ಮಿಲ್ ಮಾಲೀಕರಿರಲಿ, ಸಂಡೂರು ಕಡೆಯ ಗಣಿ ಗುತ್ತಿಗೆದಾರರಿರಲಿ, ಮನೆ ಬಿಟ್ಟ ಮೇಲೆ ಪಿಸ್ತೂಲಿನ ಮೇಲೆ ಕೈ ಹೋಗುವ ಸಂದರ್ಭ ಹೆಚ್ಚಾಗಿ ಇದೊಂದೇ. ಜಾರಿ ಬೀಳುವುದು, ಮರೆತು ಬರುವುದು, ಪಕ್ಕದವರ ಕಣ್ಣಿಗೆ ಬೀಳುವುದು ಎಲ್ಲವೂ ಈ ಐದು ನಿಮಿಷದಲ್ಲೇ ಆಗುತ್ತವೆ.

ಪಿಸ್ತೂಲು ಕಟ್ಟುವವರಿಗೆ ಹೊರದೇಶದಿಂದ ಬರುವ ಸಲಹೆಗಳೆಲ್ಲ ಕಮೋಡ್ ಮೇಲೆ ಕೂರುವವರಿಗೆ ಮಾಡಿದವು. ಬಳ್ಳಾರಿ, ರಾಯಚೂರು, ಕೊಪ್ಪಳದ ದಾರಿಯಲ್ಲಿ ಸಿಗುವುದು ಕುಕ್ಕರಗಾಲಿನ ಸಂಡಾಸು, ಒದ್ದೆ ನೆಲ, ಅಗುಳಿ ಮುರಿದ ಬಾಗಿಲು. ಅಲ್ಲಿಯ ಸಲಹೆ ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ.

ಉಳಿದದ್ದೆಲ್ಲ ಒಂದೇ ನಿಯಮದಿಂದ ಹುಟ್ಟುತ್ತದೆ: ಶೌಚಾಲಯದೊಳಗೆ ಗನ್ ತನ್ನ ಒರೆಯಾದ ಹೋಲ್‌ಸ್ಟರ್‌ನಿಂದ ಹೊರಗೆ ಬರಕೂಡದು. ಸೊಂಟದಿಂದ ತೆಗೆಯಲೇಬೇಕಾದರೆ ಹೋಲ್‌ಸ್ಟರ್ ಸಮೇತ ತೆಗೆಯಬೇಕು. ಗನ್ನಿನಿಂದ ಗುಂಡು ತಾನಾಗಿ ಹಾರುವುದು ಅಪರೂಪ. ಟ್ರಿಗರ್‌ಗೆ ಬೆರಳೋ ಅಂಗಿಯ ಅಂಚೋ ಪೈಜಾಮದ ಲಾಡಿಯೋ ಬಾಗಿಲ ಮೊಳೆಯೋ ಸಿಕ್ಕಿದಾಗ ಹಾರುತ್ತದೆ. ಟ್ರಿಗರ್ ಪೂರ್ತಿ ಮುಚ್ಚಿದ ಹೋಲ್‌ಸ್ಟರ್‌ನೊಳಗೆ ಇರುವವರೆಗೆ ಇವು ಯಾವುವೂ ಒಳಗೆ ಹೋಗಲಾರವು.

ಮೊದಲು ಕಾನೂನು

2016ರ ಆಯುಧ ನಿಯಮಗಳಲ್ಲಿ 32ನೇ ನಿಯಮ ಸಾರ್ವಜನಿಕ ಸ್ಥಳದ ಬಗ್ಗೆಯೇ ಇದೆ. ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲಿರಬೇಕು ಅಥವಾ ಬೆನ್ನುಚೀಲದಂಥ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಅಂದರೆ ಕಾಣದಂತೆ ಇಟ್ಟುಕೊಳ್ಳುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ನೀರಿನ ತೊಟ್ಟಿಯ ಮೇಲೆ ಇಟ್ಟು ಕೂತವನ ಗನ್ ಮುಚ್ಚಿಯೂ ಇರುವುದಿಲ್ಲ, ಹತೋಟಿಯಲ್ಲೂ ಇರುವುದಿಲ್ಲ. ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ನಿರ್ಲಕ್ಷ್ಯದಿಂದ ಗನ್ ಬಳಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ನೆರೆಯುವ ಸಭೆ, ಶಾಲಾ ಕಾಲೇಜಿನ ಆವರಣಕ್ಕೆ ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಆಯುಧ ಒಯ್ಯಬಾರದು ಎಂಬುದು ಲೈಸೆನ್ಸ್ ಷರತ್ತು. ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಟಿದ್ದರೆ ಪಿಸ್ತೂಲು ಮನೆಯ ತಿಜೋರಿಯಲ್ಲೇ ಇರಲಿ, ಅಲ್ಲಿಯ ಶೌಚಾಲಯದ ಚಿಂತೆ ಬರುವುದೇ ಇಲ್ಲ.

ಬಹಳ ಜನ ಮಾಡುವ ತಪ್ಪು ಇನ್ನೊಂದಿದೆ. ಡ್ರೈವರ್ ಕೈಗೆ ಗನ್ ಕೊಟ್ಟು, "ಹಿಡಕೊಂಡಿರು, ಬಂದೆ" ಎನ್ನುವುದು. ಲೈಸೆನ್ಸ್ ನಿಮ್ಮ ಹೆಸರಿನಲ್ಲಿದೆ, ಅವನ ಹೆಸರಿನಲ್ಲಿಲ್ಲ. ನೀವು ಒಳಗಿರುವ ಆ ಐದು ನಿಮಿಷ ಅವನು ಲೈಸೆನ್ಸ್ ಇಲ್ಲದೆ ಆಯುಧ ಹೊಂದಿದವನಾಗುತ್ತಾನೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಹೋಗುವುದೂ ಬೇಡ. ಗಾಜು ಒಡೆಯಲು ಕಳ್ಳನಿಗೆ ಅರ್ಧ ನಿಮಿಷ ಸಾಕು.

ಬೆಲ್ಟ್, ಹೋಲ್‌ಸ್ಟರ್, ಪ್ಯಾಂಟು

ಗುಂಡು ತುಂಬಿದ .32 ರಿವಾಲ್ವರ್ ಸುಮಾರು ಮುಕ್ಕಾಲು ಕೆಜಿ ತೂಗುತ್ತದೆ. ಬಕಲ್ ಬಿಚ್ಚಿದ ಕೂಡಲೇ ಆ ತೂಕ ಪ್ಯಾಂಟನ್ನು ಒಂದೇ ಬದಿಗೆ ಎಳೆಯುತ್ತದೆ. ಮೆತ್ತನೆಯ ಬೆಲ್ಟ್ ಆದರೆ ಹೋಲ್‌ಸ್ಟರ್ ಮಗುಚಿ ಹಿಡಿಕೆ ಕೆಳಗಾಗಿ ತೂಗಾಡುತ್ತದೆ. ಒಂದೂವರೆ ಇಂಚು ಅಗಲದ, ಎರಡು ಪದರದ, ಮಡಚಿದರೆ ಸುಲಭಕ್ಕೆ ಬಾಗದ ಚರ್ಮದ ಬೆಲ್ಟ್ ಕಟ್ಟಿ. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಬೆಲ್ಟ್ ತೂರಿಸುವ ಪಟ್ಟಿಗಳನ್ನು ಇನ್ನೂ ಎರಡು ಹಾಕಿಸಲು ದರ್ಜಿಗೆ ಹತ್ತು ನಿಮಿಷದ ಕೆಲಸ. ಹೋಲ್‌ಸ್ಟರ್‌ನ ಆಚೆಗೊಂದು ಈಚೆಗೊಂದು ಪಟ್ಟಿ ಇದ್ದರೆ ಅದು ಬೆಲ್ಟ್ ಮೇಲೆ ಸರಿಯುವುದಿಲ್ಲ.

ಹೋಲ್‌ಸ್ಟರ್ ಪರೀಕ್ಷಿಸುವುದು ಹೀಗೆ. ಗನ್ ಖಾಲಿ ಮಾಡಿ, ಎರಡು ಸಲ ಕಣ್ಣಿಂದ ನೋಡಿ, ಬೆರಳು ತೂರಿಸಿ ಖಾತ್ರಿ ಮಾಡಿಕೊಳ್ಳಿ. ಹೋಲ್‌ಸ್ಟರ್‌ಗೆ ಹಾಕಿ ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಜೋರಾಗಿ ನಾಲ್ಕು ಸಲ ಕೊಡವಿ. ಗನ್ ಹೊರಗೆ ಬಿದ್ದರೆ ಆ ಹೋಲ್‌ಸ್ಟರ್ ಸಂಡಾಸಿಗೆ ಲಾಯಕ್ಕಲ್ಲ. ಜತೆಗೆ ಬೆರಳಿನಿಂದ ಹೊರಗಿಂದಲೇ ಟ್ರಿಗರ್ ಇರುವ ಜಾಗ ಒತ್ತಿ ನೋಡಿ. ತೆಳು ರೆಕ್ಸಿನ್ ಒಳಗೆ ಟ್ರಿಗರ್ ಅಲುಗಿದಂತೆ ಅನಿಸಿದರೆ ಅದನ್ನು ಬಿಸಾಡಿ. ಹಿಡಿಕೆಯ ಮೇಲೆ ಬರುವ ಗುಂಡಿಪಟ್ಟಿ ಇದ್ದು, ಬೆಲ್ಟ್ ಬಿಚ್ಚದೆಯೇ ಕ್ಲಿಪ್‌ನಿಂದ ಕಳಚಿ ಬರುವ ಹೋಲ್‌ಸ್ಟರ್ ನಮ್ಮ ಕಡೆಯ ಶೌಚಾಲಯಗಳಿಗೆ ಎಲ್ಲಕ್ಕಿಂತ ಸರಿ.

ಗುಂಡು ತುಂಬುವ ರೀತಿಯೂ ಇಲ್ಲಿ ಮುಖ್ಯ. ಹಳೆಯ ವಿನ್ಯಾಸದ ಗನ್‌ಗಳಲ್ಲಿ ಬಿದ್ದ ಪೆಟ್ಟಿಗೇ ಹ್ಯಾಮರ್, ಅಂದರೆ ಹಿಂದಿನ ಸುತ್ತಿಗೆ, ಗುಂಡಿನ ತಳಕ್ಕೆ ತಾಗಿ ಗುಂಡು ಹಾರುವ ಸಾಧ್ಯತೆ ಇರುತ್ತದೆ. 2024ರ ಅಕ್ಟೋಬರ್ 1ರಂದು ಮುಂಬೈಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ಲೈಸೆನ್ಸ್ ರಿವಾಲ್ವರ್‌ನ ಗುಂಡು ಹೊಕ್ಕಿತು, ಕಪಾಟಿನಲ್ಲಿ ಇಡುವಾಗ ಕೈಜಾರಿ ಬಿದ್ದದ್ದು ಕಾರಣ ಎಂದು ಹೇಳಲಾಯಿತು. ಅದು ಒಣಗಿದ ನೆಲದ ಮನೆ. ಸೋಪಿನ ನೀರು ನಿಂತ ಟೈಲ್ಸ್ ಮೇಲೆ ಜಾರುವುದು ಅದಕ್ಕಿಂತ ಸುಲಭ. ಆದ್ದರಿಂದ ಆರು ಗುಂಡಿನ ರಿವಾಲ್ವರ್ ಇದ್ದರೆ ಐದೇ ತುಂಬಿ, ಹ್ಯಾಮರ್ ಗುಂಡಿಲ್ಲದ ಖಾನೆಯ ಮೇಲೆ ಕೂರುವಂತೆ ಗುಂಡಿನ ಚಕ್ರ ನಿಲ್ಲಿಸಿ. ಪಿಸ್ತೂಲಿನಲ್ಲಿ ಗುಂಡಿನ ತಳಕ್ಕೆ ಬಡಿಯುವ ಫೈರಿಂಗ್ ಪಿನ್ನಿಗೆ ತಡೆ ಇದೆ ಎಂಬುದು ಖಚಿತವಿಲ್ಲದಿದ್ದರೆ ಮ್ಯಾಗಜೀನ್ ತುಂಬಿಸಿ, ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗ ಖಾಲಿ ಬಿಡಿ.

ನಿಂತು ಮಾಡುವ ಕಡೆ

ಇದು ಸುಲಭ. ಬೆಲ್ಟ್ ಮುಟ್ಟಬೇಡಿ, ಜಿಪ್ ಒಂದೇ ಸಾಕು. ಸಾಲಿನ ಕೊನೆಯ ಜಾಗ ಹಿಡಿದು ಗನ್ ಇರುವ ಸೊಂಟ ಗೋಡೆಯ ಕಡೆಗೆ ಬರುವಂತೆ ನಿಲ್ಲಿ. ಅಂಗಿ ಒದ್ದೆಯಾದೀತೆಂದು ಎದೆಯವರೆಗೆ ಎತ್ತಿ ಹಿಡಿಯುವ ರೂಢಿ ಹಲವರಿಗಿದೆ, ಹಿಡಿಕೆ ಹೊರಗೆ ಕಾಣುವುದು ಅಲ್ಲಿಯೇ. ಮುಂದಿನ ಅಂಚನ್ನಷ್ಟೇ ಎಡಗೈಯಲ್ಲಿ ಒಟ್ಟುಮಾಡಿ ಹಿಡಿಯಿರಿ, ಬದಿಯ ಅಂಚು ಇಳಿಬಿದ್ದೇ ಇರಲಿ.

ನಿಜವಾದ ತೊಂದರೆ ಅದಾದ ಮೇಲೆ, ನಲ್ಲಿಯ ಹತ್ತಿರ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ನಲ್ಲಿ ಕಂಡ ಕೂಡಲೇ ಬಗ್ಗಿ ಮುಖಕ್ಕೆ, ಕತ್ತಿಗೆ, ತಲೆಗೆ ನೀರು ಹಾಕಿಕೊಳ್ಳಬೇಕೆನಿಸುತ್ತದೆ. ಸೊಂಟ ಬಗ್ಗಿದರೆ ಅಂಗಿ ಬೆನ್ನ ಮೇಲೇರಿ ಹೋಲ್‌ಸ್ಟರ್ ಬಯಲಾಗುತ್ತದೆ. ತೆಳು ಬಿಳಿ ಅಂಗಿ ಒದ್ದೆಯಾದರೆ ಮೈಗೆ ಅಂಟಿ ಪಿಸ್ತೂಲಿನ ಆಕಾರ ಅಚ್ಚೊತ್ತಿದಂತೆ ಕಾಣುತ್ತದೆ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಕರವಸ್ತ್ರ ತೋಯಿಸಿ ಮುಖ ಒರೆಸಿಕೊಳ್ಳಿ. ಒಳಗೊಂದು ದಪ್ಪ ಬನಿಯನ್ನು, ಮೇಲೆ ಗೀರಿನದೋ ಚೌಕುಳಿಯದೋ ಸಡಿಲ ಅಂಗಿ ಹಾಕಿದರೆ ಬೆವರಿನಲ್ಲೂ ಅಷ್ಟಾಗಿ ಕಾಣುವುದಿಲ್ಲ.

ಕುಕ್ಕರಗಾಲಿನ ಸಂಡಾಸು

ಇಲ್ಲಿ ನಿಧಾನಿಸಬೇಕು. ಕುಕ್ಕರಗಾಲಲ್ಲಿ ಕೂತಾಗ ತೊಡೆ ಹೊಟ್ಟೆಗೆ ಒತ್ತುತ್ತದೆ, ಪ್ಯಾಂಟಿನ ಸೊಂಟ ಮೊಣಕಾಲಿನ ಹತ್ತಿರ ಬಂದು ನಿಲ್ಲುತ್ತದೆ. ಬಲ ಸೊಂಟದ ಹೋಲ್‌ಸ್ಟರ್ ಹೊರಕ್ಕೆ ವಾಲಿ ಹಿಡಿಕೆ ಕೆಳಗಾಗುತ್ತದೆ. ಬರೀ ಬಿಗಿತದಿಂದ ನಿಂತಿದ್ದ ಗನ್ ಆಗ ಹಿಡಿಕೆ ಮುಂದಾಗಿ ಜಾರುತ್ತದೆ, ನೆಲಕ್ಕೆ, ಇಲ್ಲವೇ ನೇರ ಸಂಡಾಸಿನ ಗುಂಡಿಗೆ. ಹೊಟ್ಟೆಯ ಮುಂದೆ ಕಟ್ಟುವವರಿಗೆ ಬೇರೆಯದೇ ಅಪಾಯ: ಬಗ್ಗಿ ಕೂರುವ ಹೊತ್ತಿಗೆ ನಳಿಗೆ ತೊಡೆಸಂದಿಗೆ ತಿರುಗಿರುತ್ತದೆ, ಅಲ್ಲಿಯ ರಕ್ತನಾಳಕ್ಕೆ ಗುಂಡು ತಾಗಿದರೆ ಆಸ್ಪತ್ರೆ ಮುಟ್ಟುವಷ್ಟು ಸಮಯವೂ ಸಿಗಲಿಕ್ಕಿಲ್ಲ.

ಇದಕ್ಕೆ ಸರಿಯಾದ ಪರಿಹಾರ ಎದೆಗೆ ಅಡ್ಡ ಹಾಕುವ ಸಣ್ಣ ಚೀಲ. ಬೇರೆ ಯಾವ ಸಾಮಾನೂ ಇಲ್ಲದ, ಜಿಪ್ ಇರುವ ಒಂದು ಖಾನೆ ಅದರಲ್ಲಿ ಬೇಕು. ಕ್ರಮ ಹೀಗೆ:

ಒಂದು. ಹೊರಗೆ ನಿಂತೇ ಕೊಠಡಿ ನೋಡಿ. ಅಗುಳಿ ಬೀಳುತ್ತದೆಯೇ, ನೆಲ ಎಷ್ಟು ಒದ್ದೆ, ಬಾಗಿಲ ಕೆಳಗೆ ಎಷ್ಟು ಸಂದಿ ಇದೆ. ಸಾಲಿನ ಕೊನೆಯದು ಉತ್ತಮ, ಒಂದೇ ಕಡೆ ನೆರೆಯವರು. ಅಗುಳಿ ಕೂರದಿದ್ದರೆ ಒಳಗೆ ಹೋಗಲೇಬೇಡಿ. ನೀವು ಕೂತಿರುವಾಗ ಬಾಗಿಲು ತಳ್ಳಿದರೆ ನಿಮ್ಮ ಕೈ ತಡೆಯಲು ಹೋಗುತ್ತದೆ, ಗನ್ ಕಡೆ ಗಮನ ತಪ್ಪುತ್ತದೆ.

ಎರಡು. ಅಗುಳಿ ಹಾಕಿ, ಮೊದಲು ಬಕೀಟು ತುಂಬಿಸಿ, ಚರಿಗೆ ಕೈಗೆಟಕುವಲ್ಲಿ ಇಡಿ. ನಲ್ಲಿಯಲ್ಲಿ ನೀರಿಲ್ಲ ಎಂಬುದು ಬೆಲ್ಟ್ ಬಿಚ್ಚಿದ ಮೇಲೆ ಗೊತ್ತಾಗಬಾರದು.

ಮೂರು. ಮೊಬೈಲು, ಪರ್ಸು, ಗಾಡಿ ಕೀಲಿ ಜೇಬಿನಿಂದ ಚೀಲಕ್ಕೆ. ಕೀಲಿಯನ್ನು ಗನ್ ಹೋಗುವ ಖಾನೆಗೇ ಹಾಕಿ. ಗನ್ ಮರೆತು ಹೊರಬಂದರೂ ಗಾಡಿ ಚಾಲೂ ಆಗುವುದಿಲ್ಲ, ಅಲ್ಲೇ ನೆನಪಾಗುತ್ತದೆ.

ನಾಲ್ಕು. ಬೆಲ್ಟ್ ಇನ್ನೂ ಬಿಗಿಯಾಗಿರುವಾಗಲೇ ಎಡಗೈಯಲ್ಲಿ ಅಂಗಿ ಎತ್ತಿ, ಬಲಗೈಯಲ್ಲಿ ಹೋಲ್‌ಸ್ಟರ್ ಮತ್ತು ಹಿಡಿಕೆ ಎರಡನ್ನೂ ಒಟ್ಟಿಗೆ ಹಿಡಿಯಿರಿ. ಹೆಬ್ಬೆರಳು ಗುಂಡಿಪಟ್ಟಿಯ ಮೇಲೆ, ತೋರುಬೆರಳು ಹೋಲ್‌ಸ್ಟರ್‌ನ ಹೊರಮೈಗೆ ನೆಟ್ಟಗೆ. ಕ್ಲಿಪ್ ಬಿಡಿಸಿ ಮೇಲಕ್ಕೆ ಎಳೆಯಿರಿ. ನಳಿಗೆ ಉದ್ದಕ್ಕೂ ನೆಲ ನೋಡುತ್ತಿರಲಿ, ಪಕ್ಕದ ಗೋಡೆಗೆ ತಿರುಗುವುದು ಬೇಡ. ಎಷ್ಟೋ ಕಡೆ ಆ ಗೋಡೆ ಬರೀ ಪ್ಲೈವುಡ್ಡು, .32 ಗುಂಡಿಗೆ ಅದು ಅಡ್ಡಿಯೇ ಅಲ್ಲ. ಹಿಡಿಕೆ ಮೇಲಾಗಿ ಖಾನೆಗಿಳಿಸಿ ಜಿಪ್ ಎಳೆಯಿರಿ.

ಐದು. ಚೀಲದ ಪಟ್ಟಿ ಗಿಡ್ಡ ಮಾಡಿ. ಕೂತಾಗ ಚೀಲ ಎದೆಗೂ ತೊಡೆಗೂ ನಡುವೆ ಸಿಕ್ಕಿಕೊಂಡಿರಬೇಕು, ಕೆಳಗೆ ತೂಗಬಾರದು. ಬಾಗಿಲ ಮೊಳೆಗೆ ನೇತುಹಾಕಬೇಡಿ. ಬಾಗಿಲ ಮೇಲಿಂದ ಯಾರಾದರೂ ಕೈ ಹಾಕಿ ಎಳೆದುಕೊಂಡು ಓಡಿದರೆ ಆ ಸ್ಥಿತಿಯಲ್ಲಿ ಬೆನ್ನಟ್ಟಲು ಆಗುವುದಿಲ್ಲ. ಇನ್ನು ಚೀಲವಿಲ್ಲದೆ ಬರೀ ಗನ್ನನ್ನು ಟ್ರಿಗರ್ ಸುತ್ತಲಿನ ಬಳೆಯಿಂದ ಮೊಳೆಗೆ ತಗುಲಿಸುವುದು ಈ ವಿಷಯದಲ್ಲಿ ಇರುವ ಅತಿ ಕೆಟ್ಟ ಅಭ್ಯಾಸ. ತೆಗೆಯಲು ಎಳೆದಾಗ ಮೊಳೆಯೇ ಬೆರಳಿನ ಕೆಲಸ ಮಾಡುತ್ತದೆ, ನಳಿಗೆ ಆಗ ನಿಮ್ಮ ಕಡೆಗೇ ಇರಬಹುದು.

ಆರು. ಈಗ ಬೆಲ್ಟ್ ಬಿಚ್ಚಿ.

ಹೋಲ್‌ಸ್ಟರ್ ಬೆಲ್ಟಿಗೆ ಪೋಣಿಸುವಂಥದ್ದಾಗಿದ್ದು ಕಳಚಲು ಬಾರದಿದ್ದರೆ ಎರಡನೆಯ ದಾರಿ. ಬಕಲ್ ಬಿಚ್ಚುವ ಮುನ್ನವೇ ಬಲಗೈ ಹೋಲ್‌ಸ್ಟರ್ ಮೇಲೆ ಇರಲಿ. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೇ ನಿಲ್ಲಿಸಿ, ಬಕಲನ್ನು ಕೊನೆಯ ತೂತಿಗೆ ಮತ್ತೆ ಹಾಕಿ, ಮೊಣಕಾಲು ಅಗಲಿಸಿ ಬೆಲ್ಟ್ ಬಿಗಿಯಾಗುವಂತೆ ಕೂರಿ. ಮುಗಿಯುವವರೆಗೂ ಬಲಗೈ ಹೋಲ್‌ಸ್ಟರನ್ನು ತೊಡೆಗೆ ಒತ್ತಿ ಹಿಡಿದಿರಲಿ, ಉಳಿದದ್ದೆಲ್ಲ ಎಡಗೈಯದು. ಎಡಗೈಯಲ್ಲೇ ತೊಳೆಯುವ ನಮ್ಮ ರೂಢಿ ಇಲ್ಲಿ ದೊಡ್ಡ ಅನುಕೂಲ: ಗನ್ನಿನ ಕೈ ಕೊನೆಯವರೆಗೂ ಒಣಗಿರುತ್ತದೆ. ಎಡಗೈ ರೂಢಿಯವರು, ಎಡ ಸೊಂಟಕ್ಕೆ ಕಟ್ಟುವವರು ಈ ಎರಡನೆಯ ದಾರಿ ಹಿಡಿಯದೆ ಚೀಲವನ್ನೇ ಬಳಸಬೇಕು.

ಏಳುವಾಗ ಆತುರ ಬೇಡ, ಜೋಮು ಹಿಡಿದ ಕಾಲು ಒದ್ದೆ ನೆಲದಲ್ಲಿ ಜಾರುತ್ತದೆ. ಎದ್ದು ನಿಂತು ಎಡಗೈ ತೊಳೆದು ಕರವಸ್ತ್ರದಲ್ಲಿ ಒರೆಸಿ, ಆಮೇಲೆ ಪ್ಯಾಂಟು, ಆಮೇಲೆ ಬೆಲ್ಟ್ ಬಿಗಿ, ಕೊನೆಗೆ ಚೀಲದಿಂದ ಹೋಲ್‌ಸ್ಟರ್ ತೆಗೆದು ಸೊಂಟಕ್ಕೆ. ಕ್ಲಿಪ್ ಬೆಲ್ಟಿನ ಕೆಳಗಿನ ಅಂಚನ್ನು ಕಚ್ಚಿದ "ಟಕ್" ಸದ್ದು ಕೇಳಬೇಕು, ಒಮ್ಮೆ ಮೇಲಕ್ಕೆ ಎಳೆದು ನೋಡಬೇಕು. ಅರ್ಧ ಕಚ್ಚಿದ ಕ್ಲಿಪ್ ಕಾರಿನಲ್ಲಿ ಕೂರುವಾಗ ಕಳಚುತ್ತದೆ. ಕ್ಲಿಪ್ ಸಿಕ್ಕಿಸುವಾಗ ಅವಸರ ಅನಿಸಿದರೆ, ಹೊರಗೆ ಯಾರಾದರೂ ಬಾಗಿಲು ಬಡಿಯುತ್ತಿದ್ದರೆ, ಚೀಲದಲ್ಲೇ ಬಿಟ್ಟು ಹೊರಬನ್ನಿ. ಚೀಲದಲ್ಲಿದ್ದರೂ ನಿಯಮಕ್ಕೆ ಸರಿಯೇ.

ಅಗುಳಿಗೆ ಕೈ ಹಾಕುವ ಮೊದಲು ಸೊಂಟಕ್ಕೆ ಕೈ. ಹೋಲ್‌ಸ್ಟರ್ ಇದೆಯೇ, ಗುಂಡಿಪಟ್ಟಿ ಹಾಕಿದೆಯೇ, ಅಂಗಿ ಮುಚ್ಚಿದೆಯೇ. ಪ್ರತಿ ಸಲ, ಗನ್ ತೆಗೆಯದೇ ಇದ್ದ ಸಲವೂ.

ಕಮೋಡ್ ಇದ್ದರೆ

ಹೋಟೆಲಿನಲ್ಲಿ ಕಮೋಡ್ ಸಿಕ್ಕರೆ ಗನ್ ಬೆಲ್ಟಿನಲ್ಲೇ ಉಳಿಯಬಹುದು. ಪ್ಯಾಂಟು ಪಾದದವರೆಗೆ ಇಳಿಬಿಡಬೇಡಿ. ಬಾಗಿಲ ಕೆಳಗಿನ ಸಂದಿಯಿಂದ ಹೊರಗಿನವರಿಗೆ ಮೊದಲು ಕಾಣುವುದೇ ಅದು. ಮೊಣಕಾಲಿನ ಮೇಲೆ ಬಕಲ್ ಹಾಕಿ, ಹೋಲ್‌ಸ್ಟರನ್ನು ಪ್ಯಾಂಟಿನ ಒಳಬದಿಗೆ ಮಡಚಿ, ಅಂಗಿಯ ಅಂಚು ಮೇಲೆ ಹೊದಿಸಿ.

ಕಮೋಡ್ ಇರುವಲ್ಲಿ ಮರೆವಿನ ಅಪಾಯ ಹೆಚ್ಚು, ಏಕೆಂದರೆ ಇಡಲು ಜಾಗಗಳಿವೆ: ಫ್ಲಶ್ ತೊಟ್ಟಿಯ ಮುಚ್ಚಳ, ಕಾಗದದ ಡಬ್ಬಿ, ಕಿಟಕಿಯ ಅಂಚು. 2015ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಕಾವಲಿಗಿದ್ದ ಪೊಲೀಸರೇ ಶೌಚಾಲಯಗಳಲ್ಲಿ ಪಿಸ್ತೂಲು ಬಿಟ್ಟು ಬಂದ ಪ್ರಕರಣಗಳು ಬಯಲಾದವು. ಅದರಲ್ಲೊಂದು, ತಂದೆತಾಯಿಯ ಜತೆ ಭವನ ನೋಡಲು ಬಂದಿದ್ದ ಏಳೆಂಟು ವರ್ಷದ ಮಗುವಿನ ಕಣ್ಣಿಗೆ ಬಿದ್ದಿತ್ತು. ದಿನಾ ಗನ್ ಕಟ್ಟುವುದೇ ಕೆಲಸವಾದವರಿಗೆ ಹೀಗಾಗುತ್ತದೆ. ಹಾಗಾಗಿ ನಿಮ್ಮ ಮೈಗೆ ತಾಗದ ಯಾವ ಜಾಗದಲ್ಲೂ ಒಂದು ಕ್ಷಣಕ್ಕೂ ಇಡಬೇಡಿ.

ರೈಲಿನ ಶೌಚಾಲಯ ತಪ್ಪಿಸಿ. ಹಂಪಿ ಎಕ್ಸ್‌ಪ್ರೆಸ್ ಹತ್ತುವವರು ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ನಿಲ್ದಾಣದಲ್ಲೇ ಮುಗಿಸಿ ಹತ್ತಲಿ. ಜೋಲಿ ಹೊಡೆಯುವ ಬೋಗಿಯಲ್ಲಿ ಒಂದು ಕೈ ಸರಳಿಗೆ ಬೇಕು, ಉಳಿಯುವುದು ಒಂದೇ ಕೈ.

ಪಂಚೆ, ಸೀರೆ

ಪಂಚೆಗೆ, ಲಾಡಿಯ ಪೈಜಾಮಕ್ಕೆ ಗನ್ ಸಿಕ್ಕಿಸಬೇಡಿ. ಬಟ್ಟೆ ತೂಕ ತಡೆಯುವುದಿಲ್ಲ, ಕೂತು ಎದ್ದಾಗ ಗಂಟೇ ಸಡಿಲವಾಗುತ್ತದೆ. ಜುಬ್ಬಾದ ಕೆಳಗೆ ಭುಜಕ್ಕೆ ಹಾಕುವ ಹೋಲ್‌ಸ್ಟರ್ ಪಂಚೆಯವರಿಗೆ ಸರಿ, ಸಂಡಾಸಿನಲ್ಲಿ ಅದನ್ನು ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಆದರೆ ಅಡ್ಡ ಮಲಗಿಸುವ ಮಾದರಿ ಬೇಡ, ಅದರ ನಳಿಗೆ ಹಿಂದೆ ನಿಂತವರ ಎದೆ ನೋಡುತ್ತದೆ. ನಳಿಗೆ ಕೆಳಮುಖವಾಗಿರುವುದನ್ನೇ ಕೊಳ್ಳಿ.

ಸೀರೆ ಉಡುವ ಲೈಸೆನ್ಸ್‌ದಾರರಿಗೆ ಮೇಲೆ ಹೇಳಿದ ಚೀಲವೇ ದಾರಿ. ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ, ಪಿನ್ನು, ಪೆನ್ನಿನ ಜತೆ ಗನ್ ಬಿಟ್ಟರೆ ಟ್ರಿಗರ್‌ಗೆ ತೂರಲು ಅಷ್ಟೊಂದು ವಸ್ತುಗಳಿರುತ್ತವೆ. ಒಳಗೆ ಹೋಗುವಾಗ ಜತೆಯವರ ಕೈಗೆ ಬ್ಯಾಗು ಕೊಡುವ ರೂಢಿಯನ್ನೂ ಬಿಡಬೇಕು, ಮಕ್ಕಳ ಕೈಗಂತೂ ಎಂದೆಂದಿಗೂ ಬೇಡ.

ಬಿದ್ದರೆ

ಬೀಳಲಿ ಬಿಡಿ. ಇದು ಹೇಳಲು ಸುಲಭ, ಮಾಡಲು ಕಷ್ಟ. ಬೀಳುವ ವಸ್ತುವನ್ನು ಹಿಡಿಯಲು ಕೈ ತಾನಾಗಿ ಹೋಗುತ್ತದೆ, ಗಾಳಿಯಲ್ಲೇ ಬೆರಳು ಟ್ರಿಗರ್ ಬಳೆಗೆ ಸಿಕ್ಕಿ ಹಾರಿಸುತ್ತದೆ. ಈಗಿನ ಪಿಸ್ತೂಲು ಬಿದ್ದು ಹಾರುವುದಕ್ಕಿಂತ ಹಿಡಿಯಲು ಹೋಗಿ ಹಾರುವುದೇ ಹೆಚ್ಚು. ಪೂರ್ತಿ ನಿಂತ ಮೇಲೆ, ತೋರುಬೆರಳು ನೆಟ್ಟಗಿಟ್ಟು ಎತ್ತಿ ಹೋಲ್‌ಸ್ಟರ್‌ಗೆ ಹಾಕಿ. ಅಲ್ಲೇ ಬಿಚ್ಚಿ ಪರೀಕ್ಷಿಸಬೇಡಿ.

ಪಕ್ಕದ ಕೊಠಡಿಗೆ ಜಾರಿಹೋದರೆ ಸಂದಿಯಲ್ಲಿ ಕೈ ತೂರಿಸಿ ತಡಕಾಡಬೇಡಿ. ಮೆಲ್ಲಗೆ, "ಅಣ್ಣಾ, ನನ್ನ ಲೈಸೆನ್ಸ್ ಗನ್ ಆ ಕಡೆ ಬಿದ್ದೈತಿ, ಮುಟ್ಟಬ್ಯಾಡ್ರಿ, ನೀವು ಹೊರಗ ಬಂದ ಮ್ಯಾಲೆ ತಗೊಂತೀನಿ" ಎಂದು ಹೇಳಿ ಅವರ ಬಾಗಿಲಿಗೆ ಹೋಗಿ ನಿಲ್ಲಿ.

ಸಂಡಾಸಿನ ಗುಂಡಿಗೆ ಬಿದ್ದರೆ ನೀರು ಸುರಿಯಬೇಡಿ, ಒಳಗಿನ ತಿರುವಿಗೆ ಹೊರಟುಹೋಗುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿ ಎತ್ತಿ, ಅದೇ ಚೀಲವನ್ನು ಗನ್ನಿನ ಮೇಲೆ ಮಗುಚಿ ಕಟ್ಟಿ ಎದೆಗೆ ಹಾಕಿದ ಚೀಲದ ಖಾನೆಗೆ ಹಾಕಿ. ಮನೆಯಲ್ಲಿ ಖಾಲಿ ಮಾಡಿ, ಶುದ್ಧ ನೀರಿನಲ್ಲಿ ತೊಳೆದು, ಆ ದಿನವೇ ಒಣಗಿಸಿ ಎಣ್ಣೆ ಹಾಕಿ. ತಡವಾದರೆ ಸ್ಪ್ರಿಂಗಿಗೆ ತುಕ್ಕು. ಒದ್ದೆಯಾದ ಗುಂಡುಗಳನ್ನು ಮತ್ತೆ ನಂಬಬೇಡಿ, ಲೈಸೆನ್ಸ್ ಇರುವ ಡೀಲರ್‌ಗೆ ಒಪ್ಪಿಸಿ.

ಗುಂಡು ಹಾರಿಯೇ ಬಿಟ್ಟರೆ ಮೊದಲು ಗನ್ ಹೋಲ್‌ಸ್ಟರ್‌ಗೆ, ನಂತರ ಅಕ್ಕಪಕ್ಕದವರಿಗೆ ತಾಗಿದೆಯೇ ನೋಡಿ. ತಾಗಿದ್ದರೆ ಬಟ್ಟೆಯಿಂದ ಗಾಯ ಒತ್ತಿ ಹಿಡಿದು 108ಕ್ಕೆ, ಆಮೇಲೆ 112ಕ್ಕೆ ಕರೆ. ಜಾಗ ಬಿಟ್ಟು ಹೋಗಬೇಡಿ.

ಮರೆತರೆ, ಯಾರಾದರೂ ನೋಡಿದರೆ

ಮರೆತದ್ದು ನೆನಪಾದ ಕೂಡಲೇ ಹಿಂದಿರುಗಿ. ಗನ್ ಅಲ್ಲಿಲ್ಲದಿದ್ದರೆ ಹುಡುಕುತ್ತ ಗಂಟೆ ಕಳೆಯದೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಆಯುಧದ ನಂಬರು, ಲೈಸೆನ್ಸ್ ನಂಬರು ಆಗ ಬೇಕು, ಎರಡರ ಫೋಟೋ ಮೊಬೈಲಿನಲ್ಲಿರಲಿ. ನಾಳೆ ಅದೇ ಗನ್ ಎಲ್ಲೋ ಬಳಕೆಯಾದರೆ ನೀವು ದೂರು ಕೊಟ್ಟ ಸಮಯವೇ ನಿಮಗಿರುವ ಆಧಾರ.

ಯಾರಾದರೂ ನೋಡಿ ಗಾಬರಿಯಾದರೆ ಎರಡೂ ಕೈ ಸೊಂಟದಿಂದ ದೂರ, ಎದೆಯ ಮಟ್ಟಕ್ಕೆ. ಗನ್ ತೆಗೆದು ತೋರಿಸಿ ಸಮಾಧಾನ ಹೇಳಲು ಹೋಗಬೇಡಿ. ಪೊಲೀಸರು ಬಂದರೆ ಮೊದಲ ಮಾತು, "ಸಾರ್, ನನ್ನ ಹತ್ರ ಲೈಸೆನ್ಸ್ ಇರುವ ಪಿಸ್ತೂಲಿದೆ, ಬಲ ಸೊಂಟದಲ್ಲಿದೆ, ಲೈಸೆನ್ಸ್ ಎಡ ಜೇಬಿನಲ್ಲಿದೆ." ಅವರು ಹೇಳಿದ ಮೇಲಷ್ಟೇ ಕೈ ಅಲುಗಿಸಿ. ಇದೇ ಕಾರಣಕ್ಕೆ ಲೈಸೆನ್ಸ್ ಯಾವಾಗಲೂ ಗನ್ ಇಲ್ಲದ ಬದಿಯ ಜೇಬಿನಲ್ಲಿರಬೇಕು.

ಮನೆಯಲ್ಲಿ ಅಭ್ಯಾಸ

ಮೊದಲ ಅಭ್ಯಾಸ ಗನ್ ಇಲ್ಲದೆ ಮಾಡಿ. ಹೋಲ್‌ಸ್ಟರ್‌ನಲ್ಲಿ ಹಿಡಿಸುವಂತೆ ಒಂದು ಮರದ ತುಂಡು ಕೆತ್ತಿಸಿ, ಸೀಸವೋ ಕಬ್ಬಿಣದ ಬೋಲ್ಟೋ ಸೇರಿಸಿ ಮುಕ್ಕಾಲು ಕೆಜಿ ಮಾಡಿ. ಮನೆಯ ಸಂಡಾಸಿನಲ್ಲಿ ಬಕೀಟು ತುಂಬಿಸುವುದರಿಂದ ಅಗುಳಿ ತೆಗೆಯುವವರೆಗೆ ಇಪ್ಪತ್ತು ಸಲ ಮಾಡಿ. ಐದಾರನೆಯ ಸಲಕ್ಕೆ ನಿಮ್ಮ ಚೀಲದ ಪಟ್ಟಿ ಎಷ್ಟು ಗಿಡ್ಡವಾಗಬೇಕು, ಯಾವ ಪ್ಯಾಂಟಿನ ಸೊಂಟ ಸಾಲದು, ಯಾವ ಅಂಗಿ ಗಿಡ್ಡವಾಯಿತು ಎಂಬುದೆಲ್ಲ ಗೊತ್ತಾಗುತ್ತದೆ. ಮರದ ತುಂಡು ಇಪ್ಪತ್ತು ಸಲದಲ್ಲಿ ಒಮ್ಮೆ ನೆಲಕ್ಕೆ ಬಿದ್ದರೂ ಹೋಲ್‌ಸ್ಟರ್ ಬದಲಿಸಿ ಮತ್ತೆ ಒಂದರಿಂದ ಎಣಿಸಿ.